ದುಕ್ಮಿನ ಮಂಜು, ಮ್ಯಾನ್ ದ್ವೀಪದ ಬೂದಿ

ಶುಕ್ರವಾರ ಬೆಳಗ್ಗೆ ಮಸ್ಕತ್ತಿನ ರೂವಿಯ ನಮ್ಮ ಫ್ಲ್ಯಾಟಿನಿಂದ ಹೊರಟಾಗ ಗಾಡಿಯ ಹಿಂದಿನ ಸೀಟಿನಲ್ಲಿ ನೀರಿನ ಬಾಟಲಿಗಳು, ಎರಡು ಕಂಬಳಿ ಮತ್ತು ತೆಂಗಿನಕಾಯಿಯಷ್ಟು ದೊಡ್ಡ ಒಂದು ಟರ್ನಿಪ್ ಗಡ್ಡೆ ಇದ್ದವು. ಆ ಗಡ್ಡೆಗಾಗಿ ಹಿಂದಿನ ಸಂಜೆ ನಾನು ಊರಿನ ತರಕಾರಿ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ಹೆಂಡತಿ ಸುಮತಿಗೆ ಇದು ಸರಿಬಂದಿರಲಿಲ್ಲ. "ರಜೆ ದಿನ ಕೋಳಿ ಏಳುವ ಮೊದಲು ಎಬ್ಬಿಸಿ, ಒಂದು ಗಡ್ಡೆಯನ್ನು ಮರುಭೂಮಿ ದಾಟಿಸ್ಲಿಕ್ಕೆ ಹೊರಟಿದ್ದೀರಲ್ಲ, ನಿಮ್ಮ ಸಂಘದವರು ಕೇಳಿದ್ರೆ ಎಂತ ಹೇಳುವುದು?" ಎಂದಳು. ಸಂಘದವರಿಗೆ ಹೇಳಲು ನನ್ನಲ್ಲಿ ಉತ್ತರವಿತ್ತು. ಈ ಪ್ರಯಾಣ ಶುರುವಾದದ್ದೇ ಸಂಘದಿಂದ.

ರುಸೈಲಿನ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ಅಲ್ಲಿಯದು, ಉಸಾಬರಿ ಮಾತ್ರ ಮಸ್ಕತ್ತಿನ ನಮ್ಮ ಕರಾವಳಿ ಕೂಟದ್ದು. ನಾನು ಅದರ ಕಾರ್ಯದರ್ಶಿ. ದೀಪಾವಳಿಗೆ ಜನ ಸೇರಿಸುವುದು, ಬಲಿಯೇಂದ್ರನನ್ನು ಕೂಗಿ ಕರೆಯುವಾಗ ಮಕ್ಕಳು ಮೊಬೈಲಿನಿಂದ ತಲೆಯೆತ್ತುವ ಹಾಗೆ ಮಾಡುವುದು, ಬಂದ ಅತಿಥಿಗಳಿಗೆ ಶಾಲು ಹೊದೆಸುವುದು ಎಲ್ಲ ನನ್ನ ತಲೆಗೇ. ಶಾಲು ಹೊದೆಸದೆ ನಾವು ಯಾರನ್ನೂ ಬಿಟ್ಟವರಲ್ಲ. ಕೆಲವು ವರ್ಷಗಳ ಹಿಂದೆ ದುಕ್ಮಿನ ಹಡಗು ರಿಪೇರಿ ಕಟ್ಟೆಯಲ್ಲಿದ್ದ ನಮ್ಮ ಸದಸ್ಯನೊಬ್ಬ ತನ್ನ ಜೊತೆ ಕೆಲಸ ಮಾಡುವ ಬಿಳಿಯ ಮುದುಕರೊಬ್ಬರನ್ನು ಹಬ್ಬಕ್ಕೆ ಕರೆತಂದಿದ್ದ. ಅವರಿಗೂ ಶಾಲು ಹೊದೆಸಿ, ಫೋಟೋ ತೆಗೆದು, ಕೂಟದ ಪುಟಕ್ಕೆ ಏರಿಸಿ ನಾನು ಮರೆತುಬಿಟ್ಟಿದ್ದೆ.

ಆ ಫೋಟೋವನ್ನು ಈ ಅಕ್ಟೋಬರಿನಲ್ಲಿ ಬ್ರೀಶಾ ಎಂಬ ಹೆಂಗಸು ನೋಡಿದರು. ಅವರಿರುವುದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಮ್ಯಾನ್ ದ್ವೀಪದಲ್ಲಿ. ನಮ್ಮ ಒಂದು ಸಣ್ಣ ತಾಲೂಕಿನಷ್ಟು ಜಾಗ. ಅಲ್ಲಿಯ ಬೆಕ್ಕುಗಳಿಗೆ ಬಾಲವಿಲ್ಲವಂತೆ, ಜನರಿಗೆ ಸ್ವಂತದ್ದೊಂದು ಭಾಷೆ ಉಂಟಂತೆ. ಆ ಜನರನ್ನು ಮ್ಯಾಂಕ್ಸ್ ಎನ್ನುತ್ತಾರೆ. ಹೊಟ್ಟೆಪಾಡಿಗೆಂದು ಜಗತ್ತಿನ ತುಂಬ ಚದುರಿದ ಮ್ಯಾಂಕ್ಸರನ್ನು ಹುಡುಕಿ, ಫೋನು ಮಾಡಿ, ಊರಿನ ಹಬ್ಬಹರಿದಿನ ನೆನಪಿಸಿ, ಊರಿನವರ ಸುದ್ದಿ ಮುಟ್ಟಿಸುವ ಕೂಟದಲ್ಲಿ ಬ್ರೀಶಾ ಕೆಲಸ ಮಾಡುತ್ತಿದ್ದರು. ಅಂದರೆ ಅವರೂ ಒಬ್ಬ ಕಾರ್ಯದರ್ಶಿ. ಮೊದಲನೆಯ ಫೋನಿನಲ್ಲೇ ನಾವಿಬ್ಬರೂ ಸಭೆಗೆ ತಡವಾಗಿ ಬರುವವರನ್ನು ಬೈದುಕೊಂಡೆವು.

ಅವರು ಕೇಳಿದ್ದು ಇಷ್ಟು. ಫೋಟೋದಲ್ಲಿದ್ದ ಮುದುಕರ ಹೆಸರು ಜುವಾನ್. ಮೂವತ್ತು ವರ್ಷಕ್ಕೂ ಮೇಲಾಯಿತು, ಊರಿಗೆ ಹೋಗಿಲ್ಲ. ಈಗ ಫೋನೂ ಸತ್ತಿದೆ. ಅವರ ಅಕ್ಕ ವೋರಿ, ತೊಂಬತ್ತು ಸಮೀಪಿಸಿದವರು, ಅಲ್ಲಿನ ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದಿದ್ದಾರೆ. ಬೇರೆ ಮಾತೆಲ್ಲ ಕಳೆದುಹೋಗಿ, ದಿನವೂ ಬೆಳಗ್ಗೆ ಒಂದನ್ನೇ ಕೇಳುತ್ತಾರೆ, ಜುವಾನ್ ಬಂದನಾ ಎಂದು. ಶನಿವಾರ ರಾತ್ರಿಯ ವಿಮಾನಕ್ಕೆ ಬ್ರೀಶಾ ಟಿಕೆಟು ತೆಗೆದಿಟ್ಟಿದ್ದರು. "ಹೇಗಾದರೂ ಮಾಡಿ ಅವರನ್ನು ಹತ್ತಿಸಿ. ಶುಕ್ರವಾರ ನಮ್ಮ ಹಳೆಯ ಹಬ್ಬ, ಅವತ್ತು ಟರ್ನಿಪ್ ಕೊರೆದು ದೀಪ ಇಡುತ್ತೇವೆ. ಅದನ್ನು ನೋಡಿದರೆ ಅವರ ಮನಸ್ಸು ಕರಗೀತು" ಎಂದರು. ದುಕ್ಮಿನ ಸದಸ್ಯನನ್ನು ವಿಚಾರಿಸಿದಾಗ, ಜುವಾನ್ ಕೆಲಸ ಬಿಟ್ಟ ಮೇಲೆ ದಕ್ಷಿಣಕ್ಕಿರುವ ಮೀನುಗಾರರ ಹಳ್ಳಿಯೊಂದರಲ್ಲಿ ತಮ್ಮ ಹಳೆಯ ಕಫೀಲ, ಅಂದರೆ ವೀಸಾ ಕೊಟ್ಟ ಒಮಾನಿ, ಬಿಟ್ಟುಕೊಟ್ಟ ಮನೆಯಲ್ಲಿ ಒಬ್ಬರೇ ಇದ್ದಾರೆ ಎಂದು ತಿಳಿಯಿತು. ಮಸ್ಕತ್ತಿನಿಂದ ಆರುನೂರು ಕಿಲೋಮೀಟರಿನ ಆಸುಪಾಸು. ಪೆಟ್ರೋಲು ಕೂಟದ ಖರ್ಚಿನಲ್ಲಿ ಎಂದು ನಾನೇ ತೀರ್ಮಾನ ಮಾಡಿ ನಾನೇ ಒಪ್ಪಿದೆ.

ಬಿದ್‌ಬಿದ್ ದಾಟಿ ಬೆಟ್ಟಗಳ ನಡುವೆ ತಿರುಗಿ ಸಿನಾವ್ ತಲುಪುವಾಗ ಬಿಸಿಲು ಏರಿತ್ತು. ಪೇಟೆಯ ಹೊರಗೆ ಮಲೆಯಾಳಿ ಹೋಟೆಲಿನಲ್ಲಿ ಪರೋಟ, ಮೊಟ್ಟೆ ಸಾರು ತಿಂದೆವು. ಪರೋಟ ಒಳ್ಳೆಯದಿತ್ತು, ಸಾರಿಗೆ ಮೆಣಸು ಜಾಸ್ತಿ. ಅಲ್ಲಿಂದಾಚೆ ರಸ್ತೆ ನೇರ. ಎಡಕ್ಕೆ ಮರಳು, ಬಲಕ್ಕೆ ಜಲ್ಲಿಯ ಬಯಲು, ನಡುವೆ ನಾವು. ಒಂಟೆ ಅಡ್ಡ ಬಂದೀತೆಂದು ಸುಮತಿ ಕಣ್ಣು ನೆಟ್ಟು ನೋಡುತ್ತಿದ್ದಳು, ಒಂಟೆ ಬಾರದೆ ನಿದ್ದೆ ಬಂತು. ಮಹೂತ್ ಹತ್ತಿರ ಸಮುದ್ರದ ಗಾಳಿ ಸಿಕ್ಕಿತು. ಎ.ಸಿ. ಆರಿಸಿ ಗಾಜು ಇಳಿಸಿದರೆ ನಮ್ಮ ಮಲ್ಪೆ ಬಂದರಿನ ವಾಸನೆಯೇ ಬಂತು, ಸುಮತಿ ಎಚ್ಚರಗೊಂಡು ಸುಮ್ಮನೆ ಮೂಗೆಳೆದುಕೊಂಡಳು.

ದುಕ್ಮಿನಲ್ಲಿ ಮೊದಲು ಕಾಣುವುದು ಕ್ರೇನುಗಳು, ಆಮೇಲೆ ಬೇಲಿಗಳು, ಆಮೇಲೆ ಬೇಲಿಯೊಳಗೆ ಕಾರ್ಮಿಕರ ಕ್ಯಾಂಪುಗಳು. ಶುಕ್ರವಾರವಾದ್ದರಿಂದ ಕಂಪೆನಿ ಬಸ್ಸುಗಳು ಸಾಲಾಗಿ ನಿಂತಿದ್ದವು, ಹಗ್ಗದ ಮೇಲೆ ನೂರಾರು ನೀಲಿ ಅಂಗಿ ಒಣಗುತ್ತಿದ್ದವು. ಪೆಟ್ರೋಲ್ ಬಂಕಿನಲ್ಲಿ ಹಿಂದಿಯಲ್ಲಿ ದಾರಿ ಕೇಳಿದೆ. ಬಂಕಿನವನು, "ಇನ್ನು ಮುಂದೆ ನೆಟ್‌ವರ್ಕ್ ಸಿಗುವುದಿಲ್ಲ ಸಾಬ್, ಮಂಜು ಬೇರೆ ಬೀಳುತ್ತಿದೆ, ನಿಧಾನ ಹೋಗಿ" ಎಂದ. ಅಕ್ಟೋಬರಿನ ಸುಡುಬಿಸಿಲಿನಲ್ಲಿ ಎಂಥ ಮಂಜು ಎಂದು ನಾನು ನಕ್ಕೆ.

ಅರ್ಧ ಗಂಟೆಯಲ್ಲಿ ನಗು ಹೋಯಿತು. ಸಮುದ್ರದ ಕಡೆಯಿಂದ ಬಿಳಿಯ ಗೋಡೆಯೊಂದು ನಡೆದುಬಂದು ರಸ್ತೆಯನ್ನು ನುಂಗಿತು. ದೀಪ ಹಾಕಿದರೆ ದೀಪದ ಬೆಳಕೇ ಕಣ್ಣಿಗೆ ಹೊಡೆಯಿತು. ಗಾಜಿನ ಮೇಲೆ ನೀರು ಹರಿಯುತ್ತಿತ್ತು, ಮಳೆ ಮಾತ್ರ ಇರಲಿಲ್ಲ. ಒಮ್ಮೆ ನಾಲ್ಕೈದು ಒಂಟೆಗಳು ಗಾಡಿಯ ಪಕ್ಕದಲ್ಲೇ ನಿಂತಿದ್ದವು, ಅವುಗಳ ಕಾಲು ಕಾಣುತ್ತಿತ್ತು, ಮೈ ಕಾಣುತ್ತಿರಲಿಲ್ಲ. ಸುಮತಿ ತಾಳಿ ಹಿಡಿದುಕೊಂಡು ಊರಿನ ದೈವದ ಹೆಸರು ಹೇಳಿಕೊಂಡಳು. ಬೇರೆ ದಿನವಾದರೆ ನಾನು ತಮಾಷೆ ಮಾಡುತ್ತಿದ್ದೆ, ಅವತ್ತು ಹೇಳಿಕೊಳ್ಳಲಿ ಎಂದು ಬಿಟ್ಟೆ.

ಹಳ್ಳಿ ಎಂದರೆ ಹತ್ತಿಪ್ಪತ್ತು ಸಿಮೆಂಟಿನ ಮನೆ, ಒಂದು ಮಸೀದಿ, ದಡಕ್ಕೆ ಎಳೆದಿಟ್ಟ ದೋಣಿಗಳು. ಬಲೆ ಹೆಣೆಯುತ್ತಿದ್ದ ಒಮಾನಿ ಮುದುಕರೊಬ್ಬರು ಕೊನೆಯ ಮನೆಯ ಕಡೆ ಕೈ ತೋರಿಸಿದರು. ಬಾಗಿಲು ಬಡಿಯುವ ಮೊದಲೇ ಅದು ತೆರೆಯಿತು. ಜುವಾನ್ ಫೋಟೋದಲ್ಲಿದ್ದದ್ದಕ್ಕಿಂತ ಅರ್ಧಕ್ಕಿಳಿದಿದ್ದರು. ಎಪ್ಪತ್ತೈದು ದಾಟಿದ ದೇಹ, ಮೀನುಗಾರರ ಹಾಗೆ ಸುಟ್ಟ ಮುಖ, ಮನೆಯೊಳಗೂ ದಪ್ಪ ಬೂಟು. ಸಕ್ಕರೆ ಕಾಯಿಲೆಯಿಂದ ಪಾದ ಒಡೆದಿರುವುದರಿಂದ ಅವರು ಬರಿಗಾಲಿನಲ್ಲಿ ನೆಲ ಮುಟ್ಟುವುದಿಲ್ಲವೆಂದು ಆಮೇಲೆ ತಿಳಿಯಿತು. ನಾವು ಬಂದದ್ದಕ್ಕೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಬನ್ನಿ, ಇವತ್ತು ಯಾರಾದರೂ ಬರುವ ದಿನ" ಎಂದರು.

ಟರ್ನಿಪ್ ಕೊಟ್ಟಾಗ ಮಾತ್ರ ಎರಡೂ ಕೈ ಚಾಚಿ ತೆಗೆದುಕೊಂಡರು. ಅದನ್ನು ಮೂಸಿ ನೋಡಿದರು. ಆಮೇಲೆ ಮೀನು ಕೊಯ್ಯುವ ಚೂರಿ ತಂದು, ಹೊರಗೆ ಮೆಟ್ಟಿಲ ಮೇಲೆ ಕುಳಿತು ಒಳಗಿನ ತಿರುಳನ್ನು ಕೊರೆಯತೊಡಗಿದರು. ಕಣ್ಣು, ಮೂಗು, ಹಲ್ಲು ಮೂಡಿದವು. ಮೇಣದ ಬತ್ತಿ ಹಚ್ಚಿ ಕಿಟಕಿಯಲ್ಲಿಟ್ಟಾಗ ಮಂಜಿನೊಳಗೆ ಒಂದು ಹಳದಿ ಮುಖ ತೇಲಿತು. ಸುಮತಿ ಅದನ್ನು ನೋಡಲಾರದೆ ಅಡುಗೆಕೋಣೆಗೆ ಹೋಗಿ, ಅಲ್ಲಿದ್ದ ಅಕ್ಕಿ, ಈರುಳ್ಳಿ, ಒಣಮೀನು ಹುಡುಕಿ ಒಲೆ ಹಚ್ಚಿದಳು.

ನಾನು ಬಂದ ಕೆಲಸ ಹೇಳಿದೆ. ಅಕ್ಕನ ಸ್ಥಿತಿ, ಬ್ರೀಶಾ ತೆಗೆದಿಟ್ಟ ಟಿಕೆಟು, ನಾಳೆ ರಾತ್ರಿಯ ವಿಮಾನ. ಜುವಾನ್ ಎಲ್ಲ ಕೇಳಿದರು.

"ಹೋಗೋಣ ಹೋಗೋಣ, ಬೇಕಾದಷ್ಟು ಸಮಯ ಇದೆ" ಎಂದರು.

"ಅಕ್ಕನಿಗೆ ಇಲ್ಲವಲ್ಲ ಸರ್."

ಅವರು ಹೊರಗಿನ ಮಂಜಿನ ಕಡೆ ಕೈ ತೋರಿಸಿದರು. "ನಮ್ಮ ದ್ವೀಪದ ಮೇಲೂ ಹೀಗೆ ಮಂಜು ಇಳಿಯುತ್ತದೆ. ಸಮುದ್ರದ ದೇವರು ತನ್ನ ಕಂಬಳಿ ಹೊದೆಸುತ್ತಾನೆ ಎಂದು ಅಮ್ಮ ಹೇಳುತ್ತಿದ್ದಳು. ಇಲ್ಲಿ ಮಂಜು ಬಿದ್ದ ದಿನ ನಾನು ಊರಲ್ಲೇ ಇದ್ದೇನೆ ಅನ್ನಿಸುತ್ತದೆ. ಅಲ್ಲಿಗೆ ಹೋದರೆ ಯಾರ ಮನೆಯ ಬಾಗಿಲು ಬಡಿಯಲಿ? ನನ್ನ ಗುರುತು ಇರುವವಳು ಒಬ್ಬಳೇ, ಅವಳೂ ಹಾಸಿಗೆಯಲ್ಲಿ." ನಂತರ ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ ಹೇಳಿದರು, "ಇವತ್ತು ರಾತ್ರಿ ಬೂದಿ ಹರಡುತ್ತೇನೆ. ಅದು ಹೇಳಲಿ."

ಬೂದಿಯ ಸಂಗತಿ ಹೀಗೆ. ಆ ಹಬ್ಬದ ರಾತ್ರಿ ಮನೆಯಲ್ಲಿ ಕೊನೆಗೆ ಮಲಗುವವರು ಒಲೆಯ ಬೂದಿಯನ್ನು ಜರಡಿ ಹಿಡಿದು ನೆಲದ ಮೇಲೆ ನಯವಾಗಿ ಹರಡುತ್ತಾರೆ. ಬೆಳಗ್ಗೆ ಎದ್ದು ನೋಡಬೇಕು. ಅದರ ಮೇಲೆ ಹೆಜ್ಜೆ ಮೂಡಿ, ಬೆರಳುಗಳು ಬಾಗಿಲ ಕಡೆಗಿದ್ದರೆ ಮನೆಯವರೊಬ್ಬರು ಆ ವರ್ಷ ತೀರಿಕೊಳ್ಳುತ್ತಾರೆ. ಬೆರಳುಗಳು ಒಳಮುಖವಾಗಿದ್ದರೆ ಮನೆಗೆ ಒಂದು ಜೀವ ಬರುತ್ತದೆ. ಜುವಾನ್ ಇಲ್ಲಿಗೆ ಬಂದ ಮೇಲೂ ಪ್ರತಿ ವರ್ಷ ಹರಡುತ್ತಿದ್ದರು, ಒಂದು ವರ್ಷವೂ ಗೆರೆ ಮೂಡಿರಲಿಲ್ಲ. "ಹೆಜ್ಜೆ ಹೊರಗೆ ಹೊರಟ ವರ್ಷ ನಾನೂ ಹೊರಡುತ್ತೇನೆ. ಸಾಯುವುದಾದರೆ ಊರಲ್ಲಿ ಸಾಯಬೇಕು. ಅಲ್ಲಿಯವರೆಗೆ ಅವಸರವೇನು?" ಎಂದರು. ಒಲೆಯ ಮುಂದಿದ್ದ ಸುಮತಿಗೆ ಇದು ಕೇಳಿಸಲಿಲ್ಲ. ಅವಳು ಹೆದರಿಯಾಳೆಂದು ನಾನೂ ಹೇಳಲಿಲ್ಲ. ಮಂಜಿನಲ್ಲಿ ವಾಪಸು ಹೋಗುವ ಹಾಗಿರಲಿಲ್ಲ, ಊಟ ಮುಗಿಸಿ ಒಳಕೋಣೆಯಲ್ಲಿ ಕಂಬಳಿ ಹಾಸಿ ಮಲಗಿದೆವು. ಜುವಾನರ ಮಂಚ ಹೊರಗಿನ ಹಜಾರದಲ್ಲಿ, ಮುಂಬಾಗಿಲಿಗೆ ಎದುರಾಗಿತ್ತು.

ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಪೊರಕೆಯ ಸದ್ದು.

ಕರಾವಳಿಯಲ್ಲಿ ಹುಟ್ಟಿದ ಹೆಂಗಸಿಗೆ ಬೆಳಗ್ಗೆ ಎದ್ದ ಕೂಡಲೇ ಕೈಗೆ ಹಿಡಿಸೂಡಿ ಬೇಕು. ನೆಂಟರ ಮನೆಯಾದರೂ ಬಿಡುವುದಿಲ್ಲ, ಗುಡಿಸದ ಹೊಸ್ತಿಲಿನ ಮೇಲೆ ಸೂರ್ಯ ಬೀಳಬಾರದು. ಸುಮತಿ ಎದ್ದು ಹಜಾರಕ್ಕೆ ಬಂದು ನೋಡಿದ್ದಾಳೆ, ಮುದುಕರು ಗೊರಕೆ ಹೊಡೆಯುತ್ತಿದ್ದಾರೆ, ನೆಲದ ತುಂಬ ಬೂದಿ. ಪಾಪ, ಒಂಟಿ ಗಂಡಸು, ಒಲೆ ಚೆಲ್ಲಿಕೊಂಡಿದ್ದಾರೆ ಎಂದುಕೊಂಡು ಮೂಲೆಯಲ್ಲಿದ್ದ ಖರ್ಜೂರದ ಗರಿಯ ಪೊರಕೆ ಹಿಡಿದು, ಒಳಗಿಂದ ಹೊಸ್ತಿಲವರೆಗೆ ಗುಡಿಸಿ, ಚಿಲಕ ತೆಗೆದು ಹೊರಗೆ ತಳ್ಳಿದ್ದಾಳೆ. ನಾನು ಓಡಿ ಬರುವಷ್ಟರಲ್ಲಿ ನೆಲ ಹೊಳೆಯುತ್ತಿತ್ತು. ಜುವಾನ್ ಮಂಚದ ಮೇಲೆ ಎದ್ದು ಕುಳಿತು ಆ ನೆಲವನ್ನು ನೋಡುತ್ತಿದ್ದರು. ನನಗೆ ಆದ ಸಂಕಟ ಹೇಳತೀರದು, ಅವರು ವರ್ಷವಿಡೀ ಕಾದ ಒಂದು ಮಾತನ್ನು ನನ್ನ ಹೆಂಡತಿ ಕಸದ ಜೊತೆ ಹೊರಗೆ ಹಾಕಿದ್ದಳು.

ತುಳುವಿನಲ್ಲಿ ಅವಳಿಗೆ ಎಲ್ಲವನ್ನೂ ಗಡಬಡಿಸಿ ಹೇಳಿದೆ. ಹೆಜ್ಜೆ ಹೊರಗೆ ಹೋಗಿದ್ದರೆ ಇವರು ನಮ್ಮ ಜೊತೆ ಬರುತ್ತಾರೆ, ಇಲ್ಲವಾದರೆ ಇಲ್ಲ ಎಂದೆ. ಅವಳು ಪೊರಕೆಯನ್ನು ಮೂಲೆಗಿಟ್ಟು ಜುವಾನರ ಕಡೆ ತಿರುಗಿದಳು. ರೂವಿಯ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್ ಆಗಿರುವ ಅವಳಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೂ ಬಾಯಿ ತಡವರಿಸಿತು.

ಜುವಾನ್ ಮೆಲ್ಲಗೆ ಕೇಳಿದರು, "ಅಮ್ಮಾ, ಗುಡಿಸುವ ಮೊದಲು ಏನಾದರೂ ಕಂಡೆಯಾ?"

"ಕಂಡೆ ಸರ್. ಹೆಜ್ಜೆ ಇತ್ತು."

"ಬೆರಳು ಯಾವ ಕಡೆಗೆ?"

ಸುಮತಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲಿನ ಕಡೆ ಕೈ ತೋರಿಸಿದಳು.

ಜುವಾನ್ ಬೂಟು ಬಿಗಿದುಕೊಂಡರು. ಎದ್ದು ಗಡ್ಡ ಹೆರೆದುಕೊಂಡರು, ಕಬ್ಬಿಣದ ಪೆಟ್ಟಿಗೆಯಿಂದ ಪಾಸ್‌ಪೋರ್ಟ್ ತೆಗೆದರು, ಎರಡು ಅಂಗಿ ಒಂದು ಚೀಲಕ್ಕೆ ಹಾಕಿದರು. ಸಾವಿನ ಸುದ್ದಿ ಕೇಳಿದವರ ಹಾಗೆ ಇರಲಿಲ್ಲ, ಬಸ್ಸು ಬಂತೆಂದು ಕೇಳಿದವರ ಹಾಗಿದ್ದರು. ಕೆಲಸ ಗೆದ್ದೆನೆಂದು ನನಗೆ ಖುಷಿಯಾಯಿತು. ಬ್ರೀಶಾಗೆ ಏನು ಹೇಳಬೇಕು, ಕೂಟದ ಮುಂದಿನ ಸಭೆಯಲ್ಲಿ ಇದನ್ನು ಹೇಗೆ ಬಣ್ಣಿಸಬೇಕು ಎಂದೆಲ್ಲ ಲೆಕ್ಕ ಹಾಕುತ್ತಾ ಗಾಡಿ ತೆಗೆದೆ.

ಮಂಜು ಹಾಗೇ ಇತ್ತು. ಜುವಾನ್ ಹಿಂದೆ ಕುಳಿತು ಕಿಟಕಿಗೆ ಹಣೆ ಕೊಟ್ಟಿದ್ದರು. ಸುಮತಿ ಒಂದು ಮಾತೂ ಆಡಲಿಲ್ಲ. ಅವಳು ಹತ್ತು ನಿಮಿಷ ಸುಮ್ಮನಿದ್ದರೆ ನನಗೆ ಜ್ವರ ಮುಟ್ಟಿ ನೋಡುವ ಮನಸ್ಸಾಗುತ್ತದೆ. ಅವರಿಗೆ ತಿಳಿಯದ ಹಾಗೆ ನಮ್ಮ ಭಾಷೆಯಲ್ಲೇ ಕೇಳಿದೆ.

"ಒಳ್ಳೆ ಸುಳ್ಳು ಹೇಳಿದೆ ಮಾರಾಯ್ತಿ. ಹೆಜ್ಜೆ ಎಂತದೂ ಇರ್ಲಿಲ್ಲ ಅಲ್ವಾ?"

"ಇತ್ತು."

"ಎಂತ?"

"ಹೆಜ್ಜೆ ಇದ್ದದ್ದು ಸುಳ್ಳಲ್ಲ. ಹೊರಗೆ ಹೋದದ್ದು ಅಂತ ಹೇಳಿದ್ದು ಸುಳ್ಳು. ಅದು ಒಳಗೆ ಬಂದದ್ದು. ಹೊಸ್ತಿಲಿಂದ ಸೀದಾ ಅವರ ಮಂಚದ ಹತ್ರ. ಬರಿಗಾಲು, ಸಣ್ಣದು, ನನ್ನದಕ್ಕಿಂತಲೂ ಸಣ್ಣದು. ಒದ್ದೆ ಕಾಲು ನೋಡಿ, ಬೂದಿ ಎಲ್ಲ ಕೆಸರಾಗಿತ್ತು. ಗುಡಿಸುವಾಗ ಅಂಟಿಕೊಂಡಿತ್ತು."

"ನಿನ್ನದೇ ಇರಬೇಕು."

"ನಾನು ಕೋಣೆಯಿಂದ ಬಂದದ್ದೇ ಆಗ. ಚಿಲಕ ತೆಗೆದದ್ದೂ ನಾನೇ, ಒಳಗಿಂದ ಹಾಕಿತ್ತು. ಮತ್ತೆ ಕೇಳಿ, ಎಡಗಾಲು ಸರಿ ಊರಿರ್ಲಿಲ್ಲ. ಎಳೆದ ಗೆರೆ ಇತ್ತು." ಅವಳು ಹಿಂದೆ ತಿರುಗಿ ಜುವಾನರನ್ನೊಮ್ಮೆ ನೋಡಿ ಹೇಳಿದಳು, "ವಾಪಸು ಹೋದ ಹೆಜ್ಜೆ ಇರ್ಲಿಲ್ಲ. ಒಂದೂ ಇರ್ಲಿಲ್ಲ."

ನಾನು ಗಾಡಿಯ ವೇಗ ಇಳಿಸಿದೆ. ದೈವ, ಭೂತ, ಕುಲೆ ಎಂದು ಹೆದರಿಸಿ ಬೆಳೆಸಿದ ಊರಿನವನಾದರೂ ನಾನು ಇಂಥದ್ದನ್ನು ನಂಬಿದವನಲ್ಲ. ಮಂಜಿನ ನೀರು ಬಾಗಿಲ ಸಂದಿಯಿಂದ ಬಂದಿರಬಹುದು ಎಂದೇನೋ ಹೇಳಿದೆ.

ದುಕ್ಮಿನ ಬಂಕಿನ ಹತ್ತಿರ ಮಂಜು ಹರಿದು ಫೋನಿಗೆ ಜೀವ ಬಂತು. ಒಂದರ ಹಿಂದೆ ಒಂದು ಸಂದೇಶ ಬಿದ್ದವು, ಎಲ್ಲ ಬ್ರೀಶಾರದ್ದು. ಗಾಡಿ ನಿಲ್ಲಿಸಿ, ಇಳಿದು ದೂರ ನಿಂತು ಫೋನು ಮಾಡಿದೆ. ಅವರ ದನಿ ಬಿದ್ದಿತ್ತು. ವೋರಿ ರಾತ್ರಿ ನಿದ್ದೆಯಲ್ಲೇ ತೀರಿಕೊಂಡಿದ್ದರು. ನಿನ್ನೆ ಬೆಳಗ್ಗೆ ಮೊದಲ ಸಲ ಅವರು ಜುವಾನ್ ಬಂದನಾ ಎಂದು ಕೇಳಲಿಲ್ಲವಂತೆ. ನಾನೇ ಹೋಗುತ್ತೇನೆ ಎಂದರಂತೆ. ನರ್ಸು ಏನೋ ಬಡಬಡಿಕೆ ಎಂದುಕೊಂಡಿದ್ದಳು.

ನಾನು ಬಂಕಿನ ಗೋಡೆಗೆ ಒರಗಿ ನಿಂತೆ. ಸುಮತಿ ಬಂದು ನನ್ನ ಮುಖ ನೋಡಿ ತಿಳಿದುಕೊಂಡಳು. ಅಕ್ಕ ತೀರಿಹೋದದ್ದನ್ನು ಮಸ್ಕತ್ತಿನಲ್ಲಿ, ಊಟ ಆದ ಮೇಲೆ, ನಿಧಾನವಾಗಿ ಹೇಳೋಣ ಎಂದು ನಾನೆಂದೆ. ಅವಳಿಗೆ ಸಿಟ್ಟು ಬಂತು.

"ಎಂತ ಮಾತಾಡ್ತೀರಿ ನೀವು? ಆ ಹೆಂಗಸು ಸಮುದ್ರ ದಾಟಿ ತಮ್ಮನ ಮಂಚದ ಹತ್ರ ಬಂದು ನಿಂತದ್ದು. ನಾವು ಇವರನ್ನು ಎಬ್ಬಿಸಿ ಕರ್ಕೊಂಡು ಬಂದೆವು, ಅದೂ ನನ್ನ ಸುಳ್ಳಿಂದ. ಅವರು ಈಗ ಎಲ್ಲಿದ್ದಾರೆ ಹೇಳಿ? ಆ ಖಾಲಿ ಮನೆಯಲ್ಲಿ. ಇವರನ್ನು ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ? ಅವರಿಲ್ಲದ ಊರಿಗೆ." ಅವಳ ಕಣ್ಣಲ್ಲಿ ನೀರಿತ್ತು. "ನಾನು ಹೇಳ್ತೇನೆ. ನೀವು ಸುಮ್ಮನಿರಿ."

ಅವಳೇ ಹೋಗಿ ಹಿಂದಿನ ಬಾಗಿಲು ತೆರೆದು, ಜುವಾನರ ಪಕ್ಕ ಕುಳಿತು ಹೇಳಿದಳು. ಮೊದಲು ಸಾವಿನ ಸುದ್ದಿ. ಆಮೇಲೆ ಸುಳ್ಳಿನ ಸುದ್ದಿ. ಹೆಜ್ಜೆ ಒಳಗೆ ಬಂದದ್ದು ಸರ್, ನಿಮ್ಮ ಹತ್ತಿರಕ್ಕೆ, ನನ್ನನ್ನು ಕ್ಷಮಿಸಿ ಎಂದಳು. ಜುವಾನ್ ಬಗ್ಗಿ ತಮ್ಮ ಬೂಟಿನ ಧೂಳು ಒರೆಸಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಎಡಗಾಲು?" ಎಂದು ಕೇಳಿದರು.

"ಎಳೆದ ಹಾಗಿತ್ತು."

ಜುವಾನ್ ತಲೆಯಾಡಿಸಿದರು. "ಚಿಕ್ಕಂದಿನಲ್ಲಿ ದೋಣಿಯಿಂದ ಬಿದ್ದು ಮುರಿದದ್ದು. ಅವಳು ಬರುವುದು ಮೆಟ್ಟಿಲ ಸದ್ದಿನಲ್ಲೇ ಗೊತ್ತಾಗುತ್ತಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ತಿರುಗಿಸಿ" ಎಂದರು.

ನಾನು ತಿರುಗಿಸಿದೆ. ವಿಮಾನ, ಟಿಕೆಟು, ಬ್ರೀಶಾ ಯಾವುದನ್ನೂ ಎತ್ತಲಿಲ್ಲ. ಇನ್ನು ಇವರು ಆ ಮನೆ ಬಿಟ್ಟು ಕದಲುವುದಿಲ್ಲ, ಅಕ್ಕನ ಮಣ್ಣಿಗೂ ಹೋಗುವುದಿಲ್ಲ ಎಂದುಕೊಂಡೆ. ಬಿಸಿಲಿನಿಂದ ಮತ್ತೆ ಮಂಜಿನೊಳಗೆ ಹೋಗುವಾಗ ಬಾವಿಗೆ ಇಳಿದ ಹಾಗಾಯಿತು. ಹಳ್ಳಿಯ ಮುದುಕರು ಅದೇ ಜಾಗದಲ್ಲಿ ಬಲೆ ಹೆಣೆಯುತ್ತಿದ್ದರು, ನಾವು ವಾಪಸು ಬಂದದ್ದಕ್ಕೆ ತಲೆಯೆತ್ತಿ ಕೂಡ ನೋಡಲಿಲ್ಲ.

ಮನೆಯ ಮುಂದೆ ಗಾಡಿ ನಿಂತಾಗ ಜುವಾನ್ ನಮಗೆ ಇಳಿಯಬೇಡಿ ಎಂದರು. ಒಬ್ಬರೇ ಹೋಗಿ ಬೀಗ ತೆಗೆದರು. ಹೊಸ್ತಿಲಲ್ಲಿ ನಿಂತು ಒಳಗಿನ ಕತ್ತಲಿಗೆ ಅವರ ಭಾಷೆಯಲ್ಲಿ ಏನೋ ಹೇಳಿದರು. ಆ ಭಾಷೆಯನ್ನು ಕೇಳಿದ್ದು ನಾನು ಅದೇ ಮೊದಲು. ಮೂವತ್ತು ವರ್ಷ ಅದನ್ನು ಆಡಲು ಅವರಿಗೆ ಇಲ್ಲಿ ಯಾರಿದ್ದರು? ಮಾತು ಮುಗಿಸಿ, ಸ್ವಲ್ಪ ಕಾದು, ಮತ್ತೆ ಇನ್ನೇನೋ ಹೇಳಿ ಸಣ್ಣಗೆ ನಕ್ಕರು.

ಹೊರಬಂದಾಗ ಅವರ ನಡಿಗೆ ಬಹಳ ನಿಧಾನವಾಗಿತ್ತು. ಬೂಟಿನ ಕಾಲು ನೋಯುತ್ತಿದೆಯೆಂದು ನಾನು ತಿಳಿದೆ. ಗಾಡಿಯ ಹತ್ತಿರ ಬಂದು ಎಡಗಡೆಯ ಹಿಂಬಾಗಿಲನ್ನು ತೆರೆದರು. ತೆರೆದು ಹತ್ತಲಿಲ್ಲ. ಬಾಗಿಲು ಹಿಡಿದುಕೊಂಡು, ವಯಸ್ಸಾದ ಹೆಂಗಸರು ಸೀರೆ ಸೆರಗು ಸರಿಮಾಡಿಕೊಂಡು ಕೂರುವಷ್ಟು ಹೊತ್ತು ನಿಂತರು. ಅದನ್ನು ಮೆಲ್ಲಗೆ ಮುಚ್ಚಿ, ಸುತ್ತಿ ಬಂದು, ಇನ್ನೊಂದು ಕಡೆಯಿಂದ ಹತ್ತಿದರು.

"ಈಗ ಹೋಗೋಣ. ವಿಮಾನ ಸಿಗುತ್ತದಲ್ಲ?" ಎಂದರು.

ಸಿಗುತ್ತದೆ ಎಂದೆ. ಕನ್ನಡಿಯನ್ನು ನಾನು ಮೇಲಕ್ಕೆ ತಿರುಗಿಸಿಟ್ಟೆ. ಕನ್ನಡಿ ನೋಡದೆ ಆರುನೂರು ಕಿಲೋಮೀಟರ್ ಗಾಡಿ ಬಿಡುವುದು ತಪ್ಪೆಂದು ಗೊತ್ತು, ಆದರೆ ನೋಡುವ ಧೈರ್ಯವಿರಲಿಲ್ಲ. ಜುವಾನ್ ಆಗಾಗ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಒಂದು ಕಡೆ ಎಡಕ್ಕೆ ಬಾಗಿ, ಬಲಗಡೆಯ ಸಮುದ್ರ ತೋರಿಸಿದರು, ಇನ್ನೊಂದು ಕಡೆ ಒಂಟೆಗಳನ್ನು. ಮಹೂತ್ ದಾಟಿದ ಮೇಲೂ, ಸುಡುಬಿಸಿಲಿನಲ್ಲೂ, ಎಡಗಡೆಯ ಹಿಂದಿನ ಗಾಜಿನ ಮೇಲೆ ಮಂಜಿನ ಹಬೆ ಹಾಗೇ ಉಳಿದದ್ದನ್ನು ಸುಮತಿ ನನಗೆ ಕಣ್ಣಿನಲ್ಲೇ ತೋರಿಸಿದಳು. ಎ.ಸಿ. ಹಾಕಿದ್ದೇವಲ್ಲ, ಅದಕ್ಕೇ ಎಂದು ಹೇಳಲು ಹೋಗಿ ನಾಲಗೆ ಕಚ್ಚಿಕೊಂಡೆ. ನಾವು ಎ.ಸಿ. ಹಾಕಿರಲಿಲ್ಲ.

ಸಿನಾವಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಂಗಡಿಯ ಮಲೆಯಾಳಿ ಗಾಡಿಯ ಹತ್ತಿರ ಬಂದು ಹಿಂದಿಯಲ್ಲಿ ಎಷ್ಟು ಚಹಾ ಎಂದು ಕೇಳಿದ. ನಾನು ಮೂರು ಎಂದೆ.

"ನಾಲ್ಕು" ಎಂದಳು ಸುಮತಿ.

ಮಲೆಯಾಳಿ ಹಿಂದಿನ ಸೀಟಿನ ಕಡೆ ನೋಡಿ, ಯಾವ ಆಕ್ಷೇಪವೂ ಇಲ್ಲದೆ ಹೋಗಿ ನಾಲ್ಕು ತಂದ. ಅವನು ಕಂಡದ್ದೇನು ಎಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ. ಸತ್ತವರಿಗೆ ಎಲೆ ಹಾಕಿ ಬಡಿಸುವ ಮನೆಯಲ್ಲಿ ಬೆಳೆದವಳು ಸುಮತಿ, ನಾಲ್ಕನೆಯ ಲೋಟವನ್ನು ಎರಡು ಕೈಯಲ್ಲಿ ಹಿಂದಕ್ಕೆ ಚಾಚಿದಳು. ಜುವಾನ್ ಅದನ್ನು ತೆಗೆದು ಎಡಗಡೆಯ ಸೀಟಿನ ಮೇಲೆ, ಬೀಳದ ಹಾಗೆ, ಹಿಡಿದುಕೊಂಡು ಕುಳಿತರು. ಆರಿದ ಮೇಲೆ ಸುಮತಿ ಇಳಿದು ರಸ್ತೆ ಪಕ್ಕದ ಮರದ ಬುಡಕ್ಕೆ ಅದನ್ನು ಸುರಿದಳು. ನನಗೆ ಹೆದರಿಕೆ ಕಡಿಮೆಯಾಗಿತ್ತು ಎಂದರೆ ಸುಳ್ಳಾಗುತ್ತದೆ, ಆದರೆ ಹೆದರಿಕೆಯ ಜೊತೆ ಮನಸ್ಸಿನಲ್ಲಿ ಒಂದು ಮರ್ಯಾದೆಯೂ ಹುಟ್ಟಿತ್ತು. ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡ ಹಾಗೆ ತಿರುವುಗಳಲ್ಲಿ ನಿಧಾನ ಮಾಡಿದೆ.

ವಿಮಾನ ನಿಲ್ದಾಣ ತಲುಪಿದಾಗ ಸಂಜೆಯ ಮಗ್ರಿಬ್ ನಮಾಜಿನ ಬಾಂಗು ಕೇಳುತ್ತಿತ್ತು. ಜುವಾನ್ ಮೊದಲು ಸುತ್ತಿ ಹೋಗಿ ಎಡಗಡೆಯ ಬಾಗಿಲು ತೆರೆದು ಹಿಡಿದರು. ಆಮೇಲೆ ನನ್ನ ಕೈ ಕುಲುಕಿದರು. ಸುಮತಿಯ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. "ಮನೆಯವರೊಬ್ಬರು ಜೊತೆಗಿದ್ದರೆ ಬಾಗಿಲು ಬಡಿಯಲು ಹೆದರಿಕೆಯಿಲ್ಲ" ಎಂದರು. ನಮ್ಮಲ್ಲಿ ಹೊರಟವರಿಗೆ ಹೋಗಿ ಎನ್ನುವುದಿಲ್ಲ, ಹೋಗಿ ಬನ್ನಿ ಎನ್ನುತ್ತೇವೆ. ಸುಮತಿ ಅವರಿಗೆ ಕನ್ನಡದಲ್ಲೇ ಹಾಗೆ ಹೇಳಿದಳು, ಅವರಿಗೆ ಅರ್ಥವಾದಂತೆ ಕಂಡಿತು.

ಚೀಲ ಹೆಗಲಿಗೆ ಹಾಕಿ ಅವರು ಒಳಗೆ ನಡೆದರು. ಗಾಜಿನ ಬಾಗಿಲು ತಾನಾಗಿ ಸರಿದು ಅವರನ್ನು ಬಿಟ್ಟುಕೊಂಡಿತು. ಅವರ ಹಿಂದೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿಕೊಳ್ಳತೊಡಗಿ, ಅರ್ಧದಲ್ಲಿ ತಡೆದು, ಮತ್ತೆ ಪೂರ್ತಿ ತೆರೆದುಕೊಂಡಿತು. ನಿಧಾನವಾಗಿ ನಡೆಯುವವರು ದಾಟುವಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಮುಚ್ಚಿತು.

ಸುಮತಿ ಸೆರಗು ಹೊದ್ದು ಎರಡೂ ಕೈ ಜೋಡಿಸಿದಳು.

"ಊರಿಗೆ ಹೋಗಿ ಅಕ್ಕ. ಇನ್ನು ಬರುವುದು ಬೇಡ" ಎಂದಳು.